ನಾಲ್ಕನೇ ನಂಬರಿನ ಗಿಡ

ಪೋರ್ಚುಗಲ್ಲಿನ ಆ ಬೂಚಿನ, ಅಂದರೆ ಕಾರ್ಕ್, ಮರಗಳ ಕಾಡು ದಾಟಿದರೆ ಪೇಟೆ. ಹಣ್ಣಿನ ಪಾಲಿಹೌಸಿನಲ್ಲಿ ಕೂಲಿ ಮಾಡುತ್ತಿದ್ದ ಬನಹಟ್ಟಿಯ ದುರಗೇಶ, ಹುನ್ನೂರಿನ ಗುರುಸಿದ್ದ ಇಬ್ಬರೂ ಭಾನುವಾರ ಹಿಟ್ಟು ತರಲು ಅದೇ ದಾರಿ ಹಿಡಿದಿದ್ದರು. ಜುಲೈ ಮಧ್ಯಾಹ್ನ. ಮರಗಳ ತೊಗಟೆಯನ್ನು ಆಳೆತ್ತರದವರೆಗೆ ಸುಲಿದಿದ್ದರು. ಸುಲಿದ ಕಾಂಡ ಕಪ್ಪುಗೆಂಪಾಗಿತ್ತು.

“ಕುರಿ ಸುಲದಂಗ ಸುಲದಾರ ನೋಡಲೇ,” ಎಂದ ಗುರುಸಿದ್ದ.

“ಬಾಟ್ಲಿಗೆ ಬೂಚ ಮಾಡಾಕಂತ.”

“ಕುಡಿಯಾವ್ರು ಅವ್ರು, ಚರ್ಮ ಗಿಡದ್ದು.”

ಗುರುಸಿದ್ದನ ನೀರು ಮುಗಿದಿತ್ತು. ದುರಗೇಶನ ಬಾಟಲಿಗೆ ಕೈ ಚಾಚಿದ.

“ನಿಮ್ಮಪ್ಪ ನೋಡಬೇಕಿತ್ತು. ನಮ್ಮ ಮನಿ ನೀರ ಮುಟ್ಟದಾಂವ.”

“ಅಂವ ಹುನ್ನೂರಾಗ ಅದಾನ. ಕೊಡಲೇ.”

ಸ್ವಲ್ಪ ದೂರ ಹೋಗುವಷ್ಟರಲ್ಲಿ ಗುರುಸಿದ್ದ ವಾಂತಿ ಮಾಡಿಕೊಂಡು ಕುಸಿದ. ಮೈ ಕಾದ ಹಂಚು, ಬೆವರಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ದುರಗೇಶ ಅವನನ್ನು ಒಂದು ಮರಕ್ಕೆ ಒರಗಿಸಿ ಉಳಿದ ನೀರನ್ನು ತಲೆಗೆ ಹೊಯ್ದ. ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ 4 ಎಂದು ಬರೆದಿತ್ತು. ಜಮಖಂಡಿ–ಮುಧೋಳ ರಸ್ತೆಯ ಬೇವಿನ ಮರಗಳ ಮೇಲೂ ಹೀಗೇ ಬರೆದಿರುತ್ತಾರೆ, ಒಂದು ಮರಕ್ಕೆ ಒಂದು ನಂಬರು. ದುರಗೇಶನಿಗೆ ಧೈರ್ಯ ಬಂತು. ಬೇರೆ ಮರಗಳ ಕಡೆ ನೋಡಲಿಲ್ಲ.

“ನಾಕನೇ ನಂಬರ್ ಗಿಡ. ಇಲ್ಲೇ ಕುಂದ್ರು, ಗಾಡಿ ಕರಕೊಂಡ ಬರ್ತೇನಿ.”

“ಲಗೂನ ಬಾ. ಹಿಟ್ಟ ಮರೀಬ್ಯಾಡ,” ಎಂದ ಗುರುಸಿದ್ದ, ಕಣ್ಣು ಮುಚ್ಚಿಕೊಂಡೇ.

ರಸ್ತೆಗೆ ಬಂದಾಗ ಸಿಗ್ನಲ್ ಸಿಕ್ಕಿತು. ಫೋನ್ ಮಾಡಿದ. ಅಲ್ಲಿ ಆಂಬುಲೆನ್ಸ್ ಕೆಲಸವೂ ಅಗ್ನಿಶಾಮಕದವರದೇ, ಅವರ ಜೀಪು ಬಂತು.

“ಟ್ರೀ ನಂಬರ್ ಫೋರ್,” ಎಂದ ದುರಗೇಶ.

ಜೀಪು ಓಡಿಸುತ್ತಿದ್ದ ಹೆಂಗಸು ಅವನ ಮುಖ ನೋಡಿದಳು. ಕಾಡಿನೊಳಗೆ ಹೋಗಿ ನಿಲ್ಲಿಸಿ ಒಂದು ಮರ ತೋರಿಸಿದಳು. 4. ಪಕ್ಕದ್ದು 4. ಇಡೀ ದಿಬ್ಬದ ತುಂಬ 4. ಅದು ತೊಗಟೆ ಸುಲಿದ ವರ್ಷದ, 2024ರ, ಕೊನೆಯ ಅಂಕಿ ಎಂದಳು. ಮತ್ತೆ ಸುಲಿಯುವುದು ಯಾವಾಗ ಎಂದು ತಿಳಿಯಲು ಬರೆಯುತ್ತಾರಂತೆ.

ದುರಗೇಶ ಬಂಡೆ, ಬೇಲಿ, ತಿರುವು ಯಾವುದನ್ನೂ ಗುರುತಿಟ್ಟಿರಲಿಲ್ಲ. ಗಂಟಲು ಒಡೆಯುವವರೆಗೆ ಕೂಗಿದ. ಹೊತ್ತು ಮುಳುಗುವ ಮುಂಚೆ ಗುರುಸಿದ್ದ ಸಿಕ್ಕ. ಜೀಪು ಅಲ್ಲೇ ಹತ್ತಿರದಿಂದ ಆಗಲೇ ಒಮ್ಮೆ ಹೋಗಿತ್ತು. ಅವನ ಬಾಯಿಗೆ ಇರುವೆ ಹತ್ತಿದ್ದವು.

ದುರಗೇಶ ಹುನ್ನೂರಿಗೆ ಫೋನ್ ಮಾಡಿದ. ಗುರುಸಿದ್ದನ ಅಪ್ಪ ಅಂದಾನೆಪ್ಪ ಸುದ್ದಿಯನ್ನು ಪೂರ್ತಿ ಕೇಳಿದ. ಆಮೇಲೆ ಅಂದ, “ಅಡವ್ಯಾಗ ಒಬ್ಬನ್ನ ಬಿಟ್ಟು ಹೋದ್ಯೇನು?”

“ಗುರ್ತ ಇಟ್ಕೊಂಡು ಹೋಗಿದ್ನಿರೀ, ಗೌಡ್ರ. ನಾಕನೇ ನಂಬರ್ ಗಿಡ.”

“ನಂಬರ್ ಹಾಕಿದ ಗಿಡ ಹೆಂಗ ಕಳೀತದಲೇ?” ಎಂದ ಅಂದಾನೆಪ್ಪ. “ಖರೆ ಹೇಳು. ಏನ ಮಾಡಿದಿ ನನ್ನ ಮಗನ್ನ?”