ಬೂಟು ಹತ್ತದ ಕಾಲು

"ತುರುಕೋ ಕಾಲ್ನ, ಬೋಳಿಮಗನೆ! ಬೂಟಿಲ್ದೆ ಫೋಟೊ ಇಲ್ಲ, ಫೋಟೊ ಇಲ್ದೆ ಹಾಜ್ರಿ ಇಲ್ಲ!"

ಸೂಪರ್‌ವೈಸರ್ ಹರೀಶ ಮಂಟೇಸ್ವಾಮಿಯ ಊದಿದ ಪಾದವನ್ನು ರಬ್ಬರ್ ಬೂಟಿನೊಳಕ್ಕೆ ತನ್ನ ಶೂಗಾಲಿನಿಂದಲೇ ಒದ್ದು ತುರುಕುತ್ತಿದ್ದ. ಚರ್ಮ ಬಿರಿದು ನೀರು ಒಸರಿತು. ಪೊರಕೆ ಹಿಡಿದು ನಿಂತಿದ್ದ ಹೆಂಡತಿ ಪುಟ್ಟಲಿಂಗಮ್ಮ ಅಡ್ಡ ಬಂದಳು.

"ಬಿಪಿ ಮಾತ್ರೆಗೆ ಊದ್ಕಂಡದೆ ಸಾ. ಡಾಕ್ಟ್ರಮ್ಮನೇ ಯೋಳವ್ರೆ."

"ಚರಂಡಿ ಬಾಚೋ ನನ್ಮಗಂಗೆ ಬಿಪಿ ಬ್ಯಾರೆ ಕೇಡು!"

ಡಾಕ್ಟರ್ ಸಂಘಮಿತ್ರ ಹೇಳಿದ್ದು ನಿಜ. ಈ ಆಮ್ಲೋಡಿಪಿನ್ ಮಾತ್ರೆ ರಕ್ತನಾಳವನ್ನು ಸಡಿಲಿಸುತ್ತದೆ, ಕೆಲವರಿಗೆ ಕಾಲು ಊದುತ್ತದೆ. ಊದಿದರೆ ಬನ್ನಿ, ಬೇರೆ ಬರೆದುಕೊಡುತ್ತೇನೆ, ನೀವಾಗಿ ಮಾತ್ರ ನಿಲ್ಲಿಸಬೇಡಿ ಎಂದಿದ್ದರು. ಹೋಗುವುದು ಯಾವಾಗ? ಉದಯಗಿರಿಯ ಆ ಕ್ಲಿನಿಕ್ಕು ತೆರೆಯುವ ಹೊತ್ತಿಗೆ ಇವರು ಜಯಲಕ್ಷ್ಮಿಪುರಂನ ಚರಂಡಿಯಲ್ಲಿರುತ್ತಿದ್ದರು. ಬಿಡುಗಡೆಯಾಗುವ ಹೊತ್ತಿಗೆ ಅದು ಮುಚ್ಚಿರುತ್ತಿತ್ತು.

ಎದುರಿನ ತಮ್ಮ ಮನೆಯ ಗೇಟಿನೊಳಗೆ ನಿಂತು ನೋಡುತ್ತಿದ್ದ ನಿವೃತ್ತ ಪ್ರೊಫೆಸರ್ ನಂಜುಂಡಯ್ಯನವರು ಮರುಗಿದರು. "ನಂಗೂ ಅದೇ ಮಾತ್ರೆ ಕಣಯ್ಯ. ಎರಡು ದಿಂಬಿನ ಮೇಲೆ ಕಾಲಿಟ್ಕೊಂಡು ಮಲಗಿಬಿಡು, ಇಳಿದುಹೋಗುತ್ತೆ. ಹಾಗೇ ಆ ಸತ್ತ ಹೆಗ್ಗಣ ಎತ್ತಿಬಿಡು, ವಾಸನೆ."

ಮಂಟೇಸ್ವಾಮಿ ಹೆಗ್ಗಣ ಎತ್ತಿದ. ಅವತ್ತಿನಿಂದ ಮಾತ್ರೆಯನ್ನೇ ಬಿಟ್ಟ. ವಾರಕ್ಕೆಲ್ಲ ಪಾದ ಇಳಿದು ಬೂಟು ಸಲೀಸಾಗಿ ಹತ್ತಿತು.

"ನೋಡ್ದಾ ಲಿಂಗಿ, ವಾಸಿಯಾಗೋಯ್ತು!" ಎಂದು ಬೂಟಲ್ಲೇ ಕುಣಿದು ತೋರಿಸಿದ. ಪುಟ್ಟಲಿಂಗಮ್ಮನೂ ನಕ್ಕುಬಿಟ್ಟಳು. ಆ ನಗು ನೆನೆದರೆ ಈಗ ಅವಳಿಗೆ ತನ್ನ ಬಾಯಿಗೆ ತಾನೇ ಬಡಿದುಕೊಳ್ಳಬೇಕೆನಿಸುತ್ತದೆ.

ಮಾತ್ರೆ ಬಿಟ್ಟ ಹದಿನೈದನೇ ದಿನ, ತಲೆ ಸಿಡಿಯುತ್ತಿದೆ ಎಂದು ಕೂತವನ ಕತ್ತಿಗೆ ಹರೀಶ ಕೈ ಹಾಕಿದ. "ನಾಟ್ಕ ಆಡ್ತೀಯೇನೋ, ಕಳ್ಳಸೂಳೆಮಗನೆ?" ಎಂದು ಚರಂಡಿಯತ್ತ ನೂಕಿದ. ಮಂಟೇಸ್ವಾಮಿ ಸಲಿಕೆಯ ಮೇಲೆ ಬಿದ್ದ. ಹಣೆ ಸೀಳಿತು, ಬಾಯಿ ಒಂದು ಕಡೆ ಸೊಟ್ಟಗಾಯಿತು. ಆಸ್ಪತ್ರೆ ಮುಟ್ಟುವ ಮುಂಚೆಯೇ ಜೀವ ಹೋಯಿತು.

ಶವಾಗಾರದ ಬಾಗಿಲಿಗೇ ಹರೀಶ ಕಾಗದ ಹಿಡಿದು ಬಂದ. "ಕುಡ್ದು ಬಿದ್ದು ಸತ್ತ ಅಂತ ಬರ್ದಿವ್ನಿ. ಎಬ್ಬೆಟ್ಟು ಒತ್ತು."

"ಸಿದ್ದಪ್ಪಾಜಿ ಆಣೆಗೂ ಅವ್ನು ಒಂದ್ ತೊಟ್ಟು ಮುಟ್ದೋನಲ್ಲ! ಮಾತ್ರೆ ಬುಡ್ಸಿ ಸಾಯ್ಸಿದ್ದು ನೀನು ಅಂತ ಬರಿ!"

"ಬಾಯ್ಮುಚ್ಚೇ ಲೌಡಿ! ಒತ್ತದಿದ್ರೆ ನಾಳಿಂದ ನಿನ್ನ ಪೊರಕೇನೂ ಕಿತ್ಕತೀನಿ."

ಅವಳ ಕೈ ತಿರುಚಿ, ಹೆಬ್ಬೆರಳನ್ನು ಶಾಯಿಗೆ ಒತ್ತಿ, ಕಾಗದಕ್ಕೆ ಎಳೆದ.

ಪುಟ್ಟಲಿಂಗಮ್ಮ ಬಗ್ಗಿ ಅವನ ಹೆಬ್ಬೆರಳನ್ನು ಕಚ್ಚಿದಳು. ಹಲ್ಲಿಗೆ ಮೂಳೆ ಸಿಕ್ಕಿತು. ಹರೀಶ ಇನ್ನೊಂದು ಕೈಯಿಂದ ಅವಳ ಕೆನ್ನೆ, ಕಿವಿ, ನೆತ್ತಿ ಎನ್ನದೆ ಗುದ್ದಿದ. "ಬುಡೇ! ಅಯ್ಯೋ, ಬುಡ್ಸ್ರೋ!" ಎಂದು ಅರಚಿದ. ಹೆಣ ಒಯ್ಯಲು ಬಂದು ಸುತ್ತ ನಿಂತಿದ್ದ ಇಪ್ಪತ್ತು ಮಂದಿ ಪೌರಕಾರ್ಮಿಕರಲ್ಲಿ ಒಬ್ಬರೂ ಕೈ ಹಾಕಲಿಲ್ಲ. ಅವನ ರಕ್ತ ಅವಳ ಗಲ್ಲದಿಂದ ಇಳಿದು ಕಾಗದದ ಅಕ್ಷರಗಳನ್ನೆಲ್ಲ ನೆನೆಸಿತು. ಅವನು ಮಂಡಿಯೂರಿದ. ಪುಟ್ಟಲಿಂಗಮ್ಮ ಇನ್ನೂ ಬಿಟ್ಟಿರಲಿಲ್ಲ.