ಯಾರ ರಕ್ತದ್ದೂ ಅಲ್ಲದ ರೋಗ

ವಿಜಯಲಕ್ಷ್ಮಿಯ ಏಳು ವರ್ಷದ ಮಗಳನ್ನು ಮಣ್ಣು ಮಾಡಿ ಹನ್ನೊಂದು ದಿನ ಕಳೆದಿರಲಿಲ್ಲ, ಅಷ್ಟರಲ್ಲೇ ಅತ್ತೆ ಹೊಳಿಯಮ್ಮ ಯಲಬುರ್ಗಾ ಕಡೆಯ ಮಂಗಳೂರಿನ ಮನೆಮನೆಗೂ ಸಾವಿನ ಕಾರಣ ಹಂಚಿ ಬಂದಿದ್ದಳು. ಮಿದುಳಿನ ಬುಡದಲ್ಲಿ ಗಡ್ಡೆ. ರಿಪೋರ್ಟಿನಲ್ಲಿ ಜೀನ್ ದೋಷ ಎಂದಿತ್ತು. ಜೀನ್ ಅಂದರೆ ವಂಶ, ವಂಶ ಅಂದರೆ ಸೊಸೆಯ ವಂಶ. ನಾಲಿಗೆಗೆ ಎಲುಬಿಲ್ಲ, ನೋಡಿ.

"ಅವರ ರಕ್ತಾನ ಕೆಟ್ಟೈತಿ. ಆ ಮನ್ಯಾಗಿಂದ ಇನ್ನೊಂದು ಹೆಣ್ಣು ತರಾಂಗಿಲ್ಲ," ಎಂದು ಕಿರಿಮಗ ಯಂಕೇಶನಿಗೆ ನಿಶ್ಚಯವಾಗಿದ್ದ ಸಂಬಂಧವನ್ನೂ ಮುರಿದಳು. ಆ ಹುಡುಗಿ ವಿಜಯಲಕ್ಷ್ಮಿಯ ಒಡಹುಟ್ಟಿದ ತಂಗಿ. ರಕ್ತ ಕೆಟ್ಟಿದೆ ಎನ್ನಿಸಿಕೊಂಡವಳನ್ನು ಮತ್ತೆ ಯಾರು ಕೇಳುತ್ತಾರೆ?

ಮಗಳು ಹೋದ ಸಂಕಟದ ಮೇಲೆ ಇದೊಂದು ಬರೆ. ವಿಜಯಲಕ್ಷ್ಮಿ ಒಬ್ಬಳೇ ಕೊಪ್ಪಳದ ಬಸ್ಸು ಹತ್ತಿ, ಮಗಳನ್ನು ನೋಡಿದ್ದ ಡಾಕ್ಟರರ ಮುಂದೆ ಹೋಗಿ ಕೂತಳು.

"ಇದು ನಮ್ಮ ತವರಿಂದ ಬಂದದ್ದೇನ್ರಿ? ಖರೇ ಹೇಳ್ರಿ."

ಡಾಕ್ಟರು ನಿಧಾನವಾಗಿ ತಿಳಿಸಿದರು. ಮೈಯ ಒಂದೊಂದು ಕಣದಲ್ಲೂ ಡಿಎನ್‌ಎ ಎಂಬ ಉದ್ದನೆಯ ದಾರ. ಅದನ್ನು ಸುತ್ತಿಡುವ ಉಂಡೆ ಹಿಸ್ಟೋನ್. ಆ ಉಂಡೆ ಮಾಡುವ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿ, ಸುತ್ತಿರಬೇಕಾದ ದಾರ ಬಿಚ್ಚಿಕೊಂಡು ಗಡ್ಡೆ ಬೆಳೆದಿತ್ತು. ತಪ್ಪು ಇದ್ದದ್ದು ಗಡ್ಡೆಯಲ್ಲಿ ಮಾತ್ರ. ಮಗುವಿನ ರಕ್ತದಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ.

"ತಾನಾಗೇ ಆಗಿದ್ದಮ್ಮ. ನೀವೂ ಕೊಟ್ಟಿಲ್ಲ, ನಿಮ್ಮ ಯಜಮಾನರೂ ಕೊಟ್ಟಿಲ್ಲ."

ಅದನ್ನೇ ಬರೆಸಿ, ಸೀಲು ಹೊಡೆಸಿ ತಂದಳು. ಹೊಳಿಯಮ್ಮ ಚೀಟಿಯನ್ನು ಮುಟ್ಟಲೂ ಇಲ್ಲ. "ಮುಂದ ಕುಂತು ಅತ್ರ ಡಾಕ್ಟರ್ ಏನ್ ಬೇಕಾದ್ರೂ ಬರದ ಕೊಡ್ತಾನ," ಎಂದಳು.

ಆದರೆ ಊರ ತುಂಬ ಬಿತ್ತಿದ ಮಾತು ಊರೊಳಗೇ ಉಳಿಯುತ್ತದೆಯೇ? ಮೂರು ತಿಂಗಳಿಗೆ ಯಂಕೇಶನನ್ನು ನೋಡಲು ಕಾರಟಗಿಯಿಂದ ಹೆಣ್ಣಿನ ಕಡೆಯವರು ಬಂದರು. ಚಹಾ ಮುಟ್ಟುವ ಮೊದಲೇ ಹುಡುಗಿಯ ತಂದೆ ಪಂಪಣ್ಣ ಕೇಳಿದ, "ನಿಮ್ಮ ವಂಶದಾಗ ಏನೋ ರೋಗ ಐತಂತಲ್ರಿ? ಕೂಸು ಹೋತಂತ?"

ಹೊಳಿಯಮ್ಮ ಅಡುಗೆಮನೆಯತ್ತ ತಿರುಗಿ ಕರೆದಳು, "ವಿಜೀ, ಆ ಡಾಕ್ಟರ್ ಚೀಟಿ ತಾರವ್ವಾ." ಇಷ್ಟು ದಿನ ಇಲ್ಲದ 'ಅವ್ವಾ' ಎಲ್ಲಿಂದ ಬಂತೋ!

ಸೊಸೆ ತಂದುಕೊಟ್ಟ ಚೀಟಿಯನ್ನು ಪಂಪಣ್ಣ ಎರಡು ಸಲ ಓದಿ, ತಲೆದೂಗಿ, ಚಹಾದ ಕಪ್ಪು ಎತ್ತಿಕೊಂಡ. ವಿಜಯಲಕ್ಷ್ಮಿಗೆ ಮೈಯೆಲ್ಲ ಉರಿದುಹೋಯಿತು. ಅವರು ಹೋದಮೇಲೆ ಅತ್ತೆಯ ಮುಂದೆ ಕೈ ಚಾಚಿದಳು.

"ಚೀಟಿ ಕೊಡ್ರಿ ಅತ್ತಿ. ನನ್ನ ತಂಗೀಗೆ ಬೇಕು."

ಹೊಳಿಯಮ್ಮ ಅದನ್ನು ಮಡಚಿ ಎಲೆಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡಳು.

"ಇರಲಿ ಬಿಡ. ಯಂಕೇಶನ ಮದುವಿ ಅಕ್ಕಿಕಾಳ ಬೀಳೋತನ ನನ್ನ ಹತ್ರಾನ ಇರಲಿ."