ಮೆಷಿನ್ನೂ ಅಲ್ಲ, ದೇವರೂ ಅಲ್ಲ

ಆಯುಧಪೂಜೆಯ ದಿನ ಕಬ್ಬಿಣ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನು ನೋಡಿಕೊಳ್ಳುವ ಪ್ಯಾಕಿಂಗ್ ಗೋಡೌನಿನಲ್ಲಿ ಅವತ್ತು ಫೋರ್ಕ್‌ಲಿಫ್ಟಿಗೆ, ತೂಕದ ಯಂತ್ರಕ್ಕೆ, ಕೊನೆಗೆ ಸ್ಟೇಪ್ಲರಿಗೂ ಗಂಧ ಕುಂಕುಮ ಹಚ್ಚಿದೆ. ಮೂಲೆಯಲ್ಲಿ ಆಳೆತ್ತರದ ಇನ್ನೊಂದು ನಿಂತಿತ್ತು. ಗೇರು, ಸೈಲೆನ್ಸರ್, ಮಟಾಟು ಅನ್ನುವ ಇಲ್ಲಿನ ಬಾಡಿಗೆ ವ್ಯಾನಿನ ಬಂಪರ್. ಯಾರದೋ ಮೆಷಿನ್ ಅಂದುಕೊಂಡು ಅದಕ್ಕೂ ಧಾರಾಳವಾಗಿ ಬಳಿದೆ.

ಅದು ಆಲ್ಫ್ರೆಡ್ ವಂಡೇರಾ ಎಂಬ ಶಿಲ್ಪಿಯ ಕೃತಿ. ಹೆಸರು ‘ಮೊಂಬಾಸಾ ರೋಡ್, ಸಂಜೆ ಆರು’. ಯುರೋಪಿನ ಒಂದು ಮ್ಯೂಸಿಯಂ ಅದನ್ನು ಇಂದಿನ ಕಲೆಯ ಹಾಲಿನಲ್ಲಿ, ಜಗತ್ತಿನ ಘಟಾನುಘಟಿಗಳ ಪಕ್ಕದಲ್ಲಿ ನಿಲ್ಲಿಸಲು ತರಿಸಿಕೊಳ್ಳುತ್ತಿತ್ತು. ಇಪ್ಪತ್ತು ವರ್ಷ ಗುಜರಿ ಬೆಸೆದವನಿಗೆ ಬಂದ ಮೊದಲ ಕರೆ ಅದು.

ಪ್ಯಾಕ್ ಮಾಡುವ ಮುಂಚೆ ತರಿಸಿಕೊಳ್ಳುವವರಿಗೆ ಫೋಟೊ ಕಳಿಸುವುದು ನಮ್ಮ ಪದ್ಧತಿ. ನಮ್ಮ ಗುಮಾಸ್ತ ಸೀನು ಕುಂಕುಮದ ಸಮೇತ ಕಳಿಸಿಬಿಟ್ಟ. ಮರುದಿನವೇ ಮ್ಯೂಸಿಯಂನಿಂದ ಉತ್ತರ ಬಂತು. ಈ ಕೆಂಪು ಗುರುತುಗಳು ಅದ್ಭುತ, ಪುರಾತನ ಆಫ್ರಿಕನ್ ಆಚರಣೆಯೇ ಇರಬೇಕು, ಆದ್ದರಿಂದ ಕೃತಿಯನ್ನು ಬುಡಕಟ್ಟು ಪೂಜಾವಸ್ತುಗಳ ಕೋಣೆಗೆ ಬದಲಾಯಿಸಿದ್ದೇವೆ. ಆ ಕೋಣೆಯಲ್ಲಿ ಮಾಡಿದವರ ಹೆಸರು ಹಾಕುವುದಿಲ್ಲವಂತೆ.

“ಮೇಡಂ, ನೀವೇ ತಾನೆ ಹಚ್ಚಿದ್ದು?” ಅಂದ ಸೀನು. ತಪ್ಪು ನನ್ನದೇ.

ಆಲ್ಫ್ರೆಡ್ ಬಂದಾಗ “ಪೋಲೆ ಸಾನಾ” ಎಂದು ಸ್ವಾಹಿಲಿಯಲ್ಲೇ ಕ್ಷಮೆ ಕೇಳಿ ಎಲ್ಲ ಹೇಳಿದೆ. “ಮಾಮಾ ಲೀಲಾ!” ಎಂದು, ಇಲ್ಲಿಯವರು ಅಮ್ಮನಂಥವರನ್ನು ಕರೆಯುವಂತೆ ಕರೆದು, ಬಿದ್ದು ಬಿದ್ದು ನಕ್ಕ. ಮ್ಯೂಸಿಯಂನ ಮೇಲ್ ಓದಿದ ಮೇಲೆ ನಗು ನಿಂತಿತು. ಆಗಲೇ ಅವರಿಗೆ ವಿಡಿಯೊ ಕಾಲ್ ಮಾಡಿದ. ನಾನು ಮುಂದೆ ನುಗ್ಗಿದೆ.

“ಆ ಪುರಾತನ ಆಚರಣೆ ಮಾಡಿದವಳು ನಾನು. ಊರು ಮೈಸೂರು, ಮನೆ ನೈರೋಬಿಯ ಸೌತ್ ಸಿ ಬಡಾವಣೆ. ಕುಂಕುಮ ಇಲ್ಲೇ ನ್ಗಾರಾ ಪೇಟೆಯ ಅಂಗಡಿಯದು.”

ಆ ಕಡೆಯ ಹೆಂಗಸಿನ ಮುಖವೇ ಕೆಂಪಾಯಿತು. ಆದರೂ ಬಿಡಲಿಲ್ಲ. “ಹಾಗೇ ಇರಲಿ ಬಿಡಿ. ಆ ಕೋಣೆಗೆ ಜನ ಜಾಸ್ತಿ ಬರುತ್ತಾರೆ.”

“ಇದು ದೇವರಲ್ಲ,” ಅಂದ ಆಲ್ಫ್ರೆಡ್. “ದಿನಾ ಸಂಜೆ ಮೊಂಬಾಸಾ ರೋಡಿನ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಳ್ಳುವ ನಾನು. ಇಂದಿನ ಕಲೆಯ ಹಾಲಿನಲ್ಲಿ, ನನ್ನ ಹೆಸರಿನ ಜೊತೆ ನಿಲ್ಲುತ್ತದೆ. ಇಲ್ಲದಿದ್ದರೆ ನೈರೋಬಿಯಲ್ಲೇ ಇರುತ್ತದೆ.”

ಫೋನಿಟ್ಟು ಕುಂಕುಮ ಒರೆಸಲು ಶುರುಮಾಡಿದ. ನಾನೂ ಒಂದು ಬಟ್ಟೆ ತೆಗೆದುಕೊಂಡೆ.

ಮೂರು ದಿನ ಉತ್ತರವಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿದೆನಲ್ಲಾ ಎಂದು ನನಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ಒಪ್ಪಿಗೆ ಬಂತು. ಎರಡು ತಿಂಗಳ ಮೇಲೆ ಫೋಟೊ ಬಂತು. ಇಂದಿನ ಕಲೆಯ ಹಾಲ್, ನಟ್ಟನಡುವೆ ನಮ್ಮ ಮೊಂಬಾಸಾ ರೋಡ್, ಗೋಡೆಯ ಮೇಲೆ ‘ಆಲ್ಫ್ರೆಡ್ ವಂಡೇರಾ, ನೈರೋಬಿ’. ಹೆಮ್ಮೆ ಪಡಲು ನಾನು ಅವನಿಗೆ ಯಾರು? ಆದರೂ ಪಟ್ಟೆ. ಗೋಡೌನಿಗೆಲ್ಲ ಮೈಸೂರುಪಾಕು ಹಂಚಿದೆ.

ಈ ವರ್ಷದ ಆಯುಧಪೂಜೆಗೆ ಪ್ರತಿಯೊಂದರ ಮುಂದೆಯೂ ನಿಂತು, ಇದು ಯಾರದು, ಏನು ಎಂದು ಕೇಳಿಕೊಂಡೇ ಕುಂಕುಮ ಇಡುತ್ತಿದ್ದೆ. ಆಗ ಆಲ್ಫ್ರೆಡ್ ಬಂದು, ಹೆಗಲ ಮೇಲಿದ್ದ ಮಸಿ ಹಿಡಿದ ಹಳೆಯ ವೆಲ್ಡಿಂಗ್ ಸೆಟ್ಟನ್ನು ನನ್ನ ಮುಂದೆ ಇಳಿಸಿದ.

“ಮಾಮಾ ಲೀಲಾ, ಮೆಷಿನ್ ಅಂದರೆ ಇದು. ಇದಕ್ಕೆ ಹಚ್ಚಿ.”